ತೊಡೆ ಹಿಡಿಯೋದು ನಿಂತಿದ್ದು ಹೀಗೆ: ಕಲಬುರಗಿಯ ಕೋಚ್ ಒಬ್ಬನ ಅನುಭವ

ಮೂರು ಸೀಸನ್ ಹಿಂದೆ ನನ್ನ ಫುಟ್‌ಬಾಲ್ ತಂಡದ 18 ಹುಡುಗರಲ್ಲಿ ಆರೋ ಏಳೋ ಜನರಿಗೆ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯು, ಹೋಗಿತ್ತು. ಹೋದ ಸೀಸನ್‌ನಲ್ಲಿ ಒಬ್ಬನಿಗೆ ಮಾತ್ರ, ಅದೂ ಬೀದರ್‌ನ ಕೆಂಪು ನೆಲದಲ್ಲಿ ಆಡುವಾಗ, ಹತ್ತು ದಿನದಲ್ಲಿ ವಾಪಸ್ ಬಂದ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಮೊದಲು ನಾನೂ ತಪ್ಪೆಲ್ಲ ಮೈದಾನದ ಮೇಲೆ ಹಾಕುತ್ತಿದ್ದೆ. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಕಲ್ಲಾಗುತ್ತದೆ, ಮಳೆ ಬಿದ್ದರೆ ಬೂಟು ಬಿಡುವುದಿಲ್ಲ. ಆದರೆ ಗಮನಿಸಿ ನೋಡಿದರೆ ಬಿದ್ದು ಪೆಟ್ಟಾದವರು ಕಡಿಮೆ. ಚೆಂಡು ದೂರ ಇರುತ್ತದೆ, ಯಾರೂ ತಾಗಿರುವುದಿಲ್ಲ, ಮೈದಾನದ ಅಂಚಿನಲ್ಲಿ ಆಡುವ ವಿಂಗರ್ ಪೂರ್ತಿ ವೇಗದಲ್ಲಿ ಓಡುತ್ತಾ ಇದ್ದಕ್ಕಿದ್ದಂತೆ ತೊಡೆಯ ಹಿಂದೆ ಕೈ ಹಾಕಿ ನಿಲ್ಲುತ್ತಾನೆ. ಮುಂದೆ ಚಾಚಿದ ಕಾಲು ನೆಲ ಮುಟ್ಟುವ ಮುಂಚೆ, ಸ್ನಾಯು ಉದ್ದವಾಗುತ್ತಲೇ ಬ್ರೇಕ್ ಹಾಕಬೇಕಾದ ಆ ಗಳಿಗೆಯಲ್ಲೇ ಹರಿಯುತ್ತದೆ. ಎಷ್ಟು ಸ್ಟ್ರೆಚಿಂಗ್ ಮಾಡಿಸಿದರೂ ಇದು ತಪ್ಪಲಿಲ್ಲ.

ದುಡ್ಡಿನ ಹೊಡೆತ ಬೇರೆ. ಒಬ್ಬ ಹುಡುಗನ ತಂದೆ ತೊಗರಿಬೇಳೆ ಮಿಲ್‌ನಲ್ಲಿ ಕೂಲಿ. ಸ್ಕ್ಯಾನ್‌ಗೆ ಆರು ಸಾವಿರದ ಹತ್ತಿರ, ಫಿಜಿಯೋಗೆ ಸಲಕ್ಕೆ 400 ರೂಪಾಯಿ, ಹನ್ನೆರಡು ಸಲ. ಅರ್ಧ ನಾನು ಹಾಕಿದೆ. ಎರಡು ತಿಂಗಳಿಗೆ ಅದೇ ಕಾಲು ಮತ್ತೆ ಹೋಯಿತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾರ್ಡಿಕ್ ಕೋಚ್‌ಗಳಿಗೆಲ್ಲ ಗೊತ್ತು: ಮೊಣಕಾಲೂರಿ, ಹಿಮ್ಮಡಿ ಹಿಡಿಸಿಕೊಂಡು, ತೊಡೆಯ ಹಿಂದಿನ ಸ್ನಾಯುವಿನಿಂದಲೇ ತಡೆಯುತ್ತಾ ಮೈಯನ್ನು ನಿಧಾನಕ್ಕೆ ಮುಂದಕ್ಕೆ ಇಳಿಸುವ ವ್ಯಾಯಾಮ. ಪೆಟ್ಟು ತಡೆಯಲು ಮಾಡಿಸುವ ಫಿಫಾ 11+ ವಾರ್ಮ್‌ಅಪ್‌ನಲ್ಲೇ ಇದೆ. ಹೊತ್ತು ಸಾಲದು ಅಂತ ಆ ಭಾಗವನ್ನೇ ನಾನು ಬಿಟ್ಟಿದ್ದೆ. ಡೆನ್ಮಾರ್ಕ್ ತಂಡಗಳಲ್ಲಿ ಹತ್ತು ವಾರ ಮಾಡಿಸಿ ನೋಡಿದ 2011ರ ಅಧ್ಯಯನದಲ್ಲಿ ಈ ಪೆಟ್ಟು ಸುಮಾರು 70 ಪರ್ಸೆಂಟ್ ಇಳಿದಿತ್ತು. ಅದನ್ನು ಓದಿದ ಉತ್ಸಾಹದಲ್ಲಿ ಮೊದಲ ದಿನವೇ ಹತ್ತತ್ತರಂತೆ ಮೂರು ಸೆಟ್ ಕೊಟ್ಟೆ. ಮರುದಿನ ಹುಡುಗರಿಗೆ ಮೆಟ್ಟಿಲು ಇಳಿಯಲು ಆಗಲಿಲ್ಲ, ನಾಲ್ಕು ಜನ ಒಂದು ವಾರ ಮೈದಾನದ ಕಡೆ ಸುಳಿಯಲಿಲ್ಲ. ಇನ್ನೊಂದು ತಂಡದ ಹಿರಿಯ ಕೋಚ್, "ಕಾಲು ಭಾರ ಆಗ್ತಾವ್ರೀ, ಸ್ಪೀಡ್ ಹೋಗ್ತದ, ಬಿಡ್ರಿ ಇದು" ಅಂದರು.

ಬಿಡಲಿಲ್ಲ. ಮೊದಲ ವಾರ ಒಂದೇ ದಿನ, ಐದೈದರ ಎರಡು ಸೆಟ್. ಎರಡನೇ ವಾರ ಎರಡು ದಿನ. ಮೂರು ಸೆಟ್‌ಗೆ ಬರಲು ತಿಂಗಳು ಹಿಡಿಯಿತು. ಸೀಸನ್ ಶುರುವಾದ ಮೇಲೆ ವಾರಕ್ಕೆ ಒಂದು ಸಲ ಸಾಕು, ಅದೂ ಪಂದ್ಯಕ್ಕೆ ಮೂರು ದಿನ ಇರುವಾಗ. ಜೊತೆಗಾರ ಹಿಮ್ಮಡಿ ಹಿಡಿದರೆ ಜಾರುತ್ತದೆ. ಗೇಟ್ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ 1,800 ಕೊಟ್ಟು ಹಿಮ್ಮಡಿ ಸಿಕ್ಕಿಸುವ ಪೈಪಿನ ಸ್ಟ್ಯಾಂಡ್ ಮಾಡಿಸಿದೆ, ಒಟ್ಟಿಗೆ ನಾಲ್ವರು ಮಾಡಬಹುದು. ಮೊಣಕಾಲಿಗೆ ಹಳೆ ಜಮಖಾನೆ ನಾಲ್ಕು ಮಡಿಕೆ. ಕೆಳಗಿಳಿಯುವಾಗ ಸೊಂಟ ಹಿಂದಕ್ಕೆ ಮುರಿದರೆ ಅದು ಲೆಕ್ಕಕ್ಕಿಲ್ಲ, ಮತ್ತೆ ಮಾಡಬೇಕು. ಕೊನೆಯ ಗೇಣಿನಲ್ಲಿ ಹುಡುಗ ಧಡ್ ಅಂತ ಬೀಳದಂತೆ ನಾನು ಮಾಡಿಸುವ ಉಪಾಯ ಒಂದಿದೆ, ಅದು ನನ್ನ ಹುಡುಗರಿಗೆ ಮಾತ್ರ.

ಮಳೆಗಾಲದಲ್ಲಿ ಇನ್ನೊಂದು ನೋಡಿದೆ. ಶಹಾಬಾದ್ ಕಲ್ಲಿನ ಪಡಸಾಲೆಯಲ್ಲಿ ಅಂಗಾತ ಮಲಗಿಸಿ, ಹಿಮ್ಮಡಿ ಕೆಳಗೆ ಗೋಣಿಚೀಲ ಇಟ್ಟು, ಸೊಂಟ ಎತ್ತಿ ನಿಧಾನಕ್ಕೆ ಕಾಲು ಚಾಚಿಸಿದೆ. ನುಣುಪಾದ ಕಲ್ಲಿನ ಮೇಲೆ ಚೀಲ ಬೆಣ್ಣೆಯಂತೆ ಜಾರುತ್ತದೆ. ಖರ್ಚು ಸೊನ್ನೆ. ನಾರ್ಡಿಕ್ ಮಾಡಲಾಗದ ದಪ್ಪ ಗೋಲ್‌ಕೀಪರ್‌ಗೆ ಇದರಿಂದಲೇ ಶುರು ಮಾಡಿಸಿದೆ. ವ್ಯಾಯಾಮದ ರಬ್ಬರ್ ಬ್ಯಾಂಡ್‌ಗೆ 1,200 ಹಾಕಿದ್ದು ಮಾತ್ರ ದಂಡ, ಏಪ್ರಿಲ್ ಬಿಸಿಲಿಗೆ ಬಿರಿದು ಹೋದವು.

ದೊಡ್ಡ ತಪ್ಪು ಬೇರೆಯೇ. ಹೆದರಿ ಅಭ್ಯಾಸದಲ್ಲಿ ಪೂರ್ತಿ ವೇಗದ ಓಟವನ್ನೇ ನಿಲ್ಲಿಸಿದ್ದೆ. ನಾರ್ಡಿಕ್ ಮಾಡಿಯೂ ಇಬ್ಬರು ಮೊದಲ ಪಂದ್ಯದಲ್ಲೇ ತೊಡೆ ಹಿಡಿದು ಕೂತರು. ಕಾಲಿಗೆ ಆ ವೇಗದ ರೂಢಿಯೇ ಇರಲಿಲ್ಲ. ಈಗ ವಾರಕ್ಕೊಮ್ಮೆ, ಚೆನ್ನಾಗಿ ಬೆಚ್ಚಗಾದ ಮೇಲೆ, ಪೂರ್ತಿ ವೇಗದಲ್ಲಿ 30 ಮೀಟರ್ ಓಟ, ಐದಾರು ಸಲ. ನಡುವೆ ಎರಡು ಮೂರು ನಿಮಿಷ ನಡಿಗೆ. ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೇ ಮುಗಿಸುತ್ತೇವೆ. ಸ್ಪೀಡ್ ಎಲ್ಲೂ ಹೋಗಲಿಲ್ಲ, ನನ್ನ ಸ್ಟಾಪ್‌ವಾಚ್‌ನಲ್ಲಿ ವಿಂಗರ್‌ಗಳು ಚೂರು ಮುಂದೆಯೇ ಇದ್ದಾರೆ.

ಹೋದ ತಿಂಗಳು ಅದೇ ಹಿರಿಯ ಕೋಚ್ ಬಂದು, ಟೇಪ್ ಹಿಡಿದು, ನನ್ನ ಸ್ಟ್ಯಾಂಡಿನ ಅಳತೆ ಬರೆದುಕೊಂಡು ಹೋದರು. ವೆಲ್ಡಿಂಗ್ ಅಂಗಡಿಯವನ ನಂಬರೂ ನಾನೇ ಕೊಟ್ಟೆ.