ನುಂಗುವುದನ್ನು ಬಿಟ್ಟು ಅಗಿಯಲು ಕಲಿತದ್ದು

ನಮ್ಮ ಮಂಡ್ಯದ ಕಡೆ ಮುದ್ದೆಯನ್ನು ಅಗಿಯುವುದಿಲ್ಲ. ಬಿಸಿ ಮುದ್ದೆಯಿಂದ ಒಂದು ಚೂರು ಮುರಿದು, ಬೆರಳಲ್ಲಿ ಉರುಟು ಮಾಡಿ, ಸಾರಿನಲ್ಲಿ ಹೊರಳಿಸಿ ನಾಲಿಗೆಯ ಮೇಲಿಟ್ಟರೆ ಅದು ಹಲ್ಲಿಗೆ ತಾಗದೆ ಗಂಟಲಲ್ಲಿ ಇಳಿಯಬೇಕು. ನಾಲ್ಕೈದು ವರ್ಷದವಳಿದ್ದಾಗ ಅಜ್ಜಿಯ ತೊಡೆಯ ಪಕ್ಕ ಕುಳಿತು ನಾನು ಕಲಿತ ಮೊದಲ ವಿದ್ಯೆಗಳಲ್ಲಿ ಅದೂ ಒಂದು. ನಲವತ್ತಮೂರನೆಯ ವಯಸ್ಸಿನಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ಡಯಟೀಷಿಯನ್ ನನಗೆ ಹೇಳಿದ ಮುಖ್ಯ ಮಾತು, ಬಾಯಿಗೆ ಹಾಕಿದ್ದನ್ನೆಲ್ಲ ಇಪ್ಪತ್ತೈದು ಸಲ ಅಗಿಯದೆ ನುಂಗಬಾರದು ಎಂಬುದು. ಗಾಯಗಳು ಎರಡು ವಾರದಲ್ಲಿ ಮಾಗಿದವು. ಆ ಒಂದು ಮಾತನ್ನು ಪಾಲಿಸಲು ಕಲಿಯುವುದಕ್ಕೆ ನನಗೆ ಸುಮಾರು ಒಂದು ವರ್ಷ ಹಿಡಿಯಿತು.

ನಾನು ಪ್ರೌಢಶಾಲೆಯ ಶಿಕ್ಷಕಿ. 2023ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೂರನೆಯ ದಿನ ಆಪರೇಷನ್ ಆಯಿತು. ಆಗ ನನ್ನ ತೂಕ 108 ಕೆ.ಜಿ., ಎತ್ತರ 156 ಸೆಂ.ಮೀ. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು, ಮೂರು ವರ್ಷದಿಂದ ಇನ್ಸುಲಿನ್ ನಡೆಯುತ್ತಿತ್ತು. ನಿದ್ದೆಯಲ್ಲಿ ಉಸಿರು ಕಟ್ಟುತ್ತಿದ್ದುದರಿಂದ ರಾತ್ರಿ ಯಂತ್ರ ಹಾಕಿಕೊಂಡು ಮಲಗುತ್ತಿದ್ದೆ, ಶಾಲೆಯ ಮೊದಲ ಮಹಡಿಯ ತರಗತಿಗೆ ಹತ್ತುವಾಗ ಮಂಡಿ ಹಿಡಿದುಕೊಂಡು ನಿಲ್ಲುತ್ತಿದ್ದೆ. ನನಗೆ ಮಾಡಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಹೊಟ್ಟೆಯಲ್ಲಿ ಐದು ಸಣ್ಣ ರಂಧ್ರ ಮಾಡಿ, ಜಠರದ ಹೊರಬಾಗಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನ ಗಾತ್ರದ ಕೊಳವೆಯಂತೆ ಸ್ಟೇಪಲ್ ಹಾಕಿ ಮುಚ್ಚುತ್ತಾರೆ. ಬೈಪಾಸ್ ಎಂಬ ಇನ್ನೊಂದು ವಿಧಾನದಲ್ಲಿ ಸಣ್ಣ ಕರುಳಿನ ದಾರಿಯನ್ನೂ ಬದಲಿಸುತ್ತಾರೆ, ನನಗೆ ಅದು ಬೇಕಾಗಲಿಲ್ಲ. ಆಪರೇಷನ್ನಿಗೆ ಎರಡು ವಾರ ಮೊದಲೇ ದ್ರವಾಹಾರ ಶುರುವಾಗಿತ್ತು. ಕೊಬ್ಬು ತುಂಬಿ ಊದಿಕೊಂಡ ಯಕೃತ್ತು ಆ ಎರಡು ವಾರದಲ್ಲಿ ಕುಗ್ಗಿದರೆ ಅದರ ಹಿಂದೆ ಅಡಗಿರುವ ಜಠರವನ್ನು ತಲುಪುವುದು ಸುಲಭ ಎಂದು ವೈದ್ಯರು ಕಾರಣ ಹೇಳಿದ್ದರು. ಕಾರಣ ತಿಳಿದಿದ್ದರಿಂದಲೇ ಆ ವರ್ಷದ ಹಬ್ಬದ ಅವರೆಕಾಳು ಸಾರನ್ನು ಬಿಟ್ಟಿರಲು ನನ್ನಿಂದ ಆಯಿತು.

ಆಪರೇಷನ್ ಆದ ಸಂಜೆಯೇ ನಡೆಸಿದರು. ಹೊಟ್ಟೆಗಿಂತ ಎಡಭುಜ ಹೆಚ್ಚು ನೋಯುತ್ತಿತ್ತು. ಒಳಗೆ ಕೆಲಸ ಮಾಡಲು ಜಾಗವಾಗಲೆಂದು ತುಂಬಿಸಿದ ಕಾರ್ಬನ್ ಡೈಆಕ್ಸೈಡ್ ಅನಿಲ, ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯಾದ ವಪೆಯನ್ನು ಕೆಣಕಿದಾಗ ಆ ನೋವು ಭುಜದಲ್ಲಿ ಕಾಣಿಸುತ್ತದೆಯಂತೆ. ನಡೆದಷ್ಟೂ ಅದು ಬೇಗ ಹೋಗುತ್ತದೆ ಎಂದು ನರ್ಸ್ ಹೇಳಿದ್ದು ಎರಡು ದಿನದಲ್ಲಿ ನಿಜವಾಯಿತು. ಮರುದಿನ ಔಷಧಿ ಅಳೆಯುವ ಸಣ್ಣ ಲೋಟದಲ್ಲಿ 30 ಮಿಲಿ ನೀರು ಕೊಟ್ಟು, ಹದಿನೈದು ನಿಮಿಷದಲ್ಲಿ ಕುಡಿದು ಮುಗಿಸಬೇಕೆಂದರು. ಚೊಂಬೆತ್ತಿ ಗಟಗಟ ಕುಡಿದು ಅಭ್ಯಾಸವಾಗಿದ್ದ ನನಗೆ ಅದು ಒಂದು ಗುಟುಕಿಗೂ ಸಾಲದೆನಿಸಿತು. ಮೊದಲ ಗುಟುಕು ಎದೆಗೂಡಿನ ನಡುವೆ ಇಳಿಯುವಾಗ ಯಾರೋ ಒಳಗಿನಿಂದ ಅಮುಕಿದ ಹಾಗಾಗಿ, ಅರ್ಧ ಲೋಟಕ್ಕೇ ನಿಲ್ಲಿಸಿದೆ.

ಮನೆಗೆ ಬಂದ ದಿನ ನಮ್ಮತ್ತೆ, ನನ್ನ ಮಗಳಿಗೆ ಹಾಲು ಕುಡಿಸುತ್ತಿದ್ದ ಬೆಳ್ಳಿಯ ಒಳಲೆಯನ್ನು ಬೀರುವಿನಿಂದ ಹುಡುಕಿ ತೆಗೆದು, ಹುಣಸೆಹಣ್ಣು ಹಾಕಿ ಬೆಳಗಿ ತಂದರು. ನೀರು ತುಂಬಿ ಅಳೆದು ನೋಡಿದರೆ ಸುಮಾರು 30 ಮಿಲಿಯೇ ಹಿಡಿಯಿತು. ಮುಂದಿನ ಮೂರು ವಾರ ನಾನು ಕುಡಿದದ್ದೆಲ್ಲ ಅದರಿಂದಲೇ: ಎಳನೀರು, ನೀರು ಮಜ್ಜಿಗೆ, ಗಂಜಿಯ ತಿಳಿ, ಬಸ್ಸಾರಿಗೆಂದು ಬಸಿದ ಬೇಳೆಕಟ್ಟು. ಒಳಲೆಯ ಮೂತಿ ಕಿರಿದಾಗಿರುವುದರಿಂದ ಆತುರಪಟ್ಟರೂ ಒಂದೇ ಸಲಕ್ಕೆ ಹೆಚ್ಚು ಬರುವುದಿಲ್ಲ. ಸ್ಟ್ರಾ ಬಳಸಿದರೆ ಗಾಳಿಯೂ ಒಳಗೆ ಹೋಗುತ್ತದೆಂದು ಬೇಡವೆಂದಿದ್ದರು. ದಿನಕ್ಕೆ ಒಂದೂವರೆ ಲೀಟರ್ ದ್ರವ ಹೋಗಬೇಕಿತ್ತು, ಅಂದರೆ ಐವತ್ತು ಒಳಲೆ. ಮೊದಲ ವಾರ ಮೂವತ್ತನ್ನು ದಾಟಲಾಗಲಿಲ್ಲ. ಮಗಳು ಕ್ಯಾಲೆಂಡರಿನ ಹಿಂಬದಿಯಲ್ಲಿ ಗೀಟು ಹಾಕುತ್ತಾ ಲೆಕ್ಕ ಇಟ್ಟಳು. ಗೀಟು ಕಡಿಮೆಯಾದ ದಿನ ತಲೆ ಸುತ್ತುತ್ತಿತ್ತು, ಮೂತ್ರ ಗಾಢ ಹಳದಿಯಾಗುತ್ತಿತ್ತು. ಈ ಹಂತದಲ್ಲಿ ಊಟಕ್ಕಿಂತ ನೀರಿನ ಕೊರತೆಯೇ ದೊಡ್ಡ ಅಪಾಯ ಎಂಬುದನ್ನು ನಾನು ಪುಸ್ತಕದಿಂದಲ್ಲ, ಆ ಗೀಟುಗಳಿಂದ ಕಲಿತೆ.

ಜ್ವರ, ಕುಳಿತಿದ್ದರೂ 120 ದಾಟುವ ನಾಡಿ, ಕಡಿಮೆಯಾಗುವ ಬದಲು ಹೆಚ್ಚುವ ಹೊಟ್ಟೆನೋವು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವುದನ್ನು ಕಾಯದೆ ಬರಬೇಕೆಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿತ್ತು. ಜಠರಕ್ಕೆ ಹಾಕಿದ ಸ್ಟೇಪಲ್ ಸಾಲಿನಲ್ಲಿ ಸೋರಿಕೆಯಾದರೆ ಮೊದಲು ಕಾಣುವ ಗುರುತುಗಳು ಅವೇ. ನನಗೆ ಅಂಥದ್ದೇನೂ ಆಗಲಿಲ್ಲ. ಆದರೆ ಇನ್ಸುಲಿನ್ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ತೂಕ ಇಳಿಯುವ ಮೊದಲೇ, ಆಸ್ಪತ್ರೆಯಿಂದ ಹೊರಡುವಷ್ಟರಲ್ಲೇ ನನ್ನ ಡೋಸನ್ನು ಅರ್ಧಕ್ಕಿಂತ ಕೆಳಗಿಳಿಸಿದ್ದರು, ಎರಡನೆಯ ತಿಂಗಳಲ್ಲಿ ಪೂರ್ತಿ ನಿಲ್ಲಿಸಿದರು. ಹಳೆಯ ಡೋಸನ್ನೇ ಮುಂದುವರಿಸಿದ್ದರೆ ಆ ಅಲ್ಪ ಆಹಾರಕ್ಕೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯುತ್ತಿತ್ತು. ಸಕ್ಕರೆಗೋ ರಕ್ತದೊತ್ತಡಕ್ಕೋ ಮಾತ್ರೆ ನುಂಗುವವರು ಪ್ರತಿ ಮಾತ್ರೆಯನ್ನೂ ವೈದ್ಯರ ಮುಂದೆ ಇಟ್ಟು, ಇದು ಇನ್ನು ಬೇಕೇ, ಎಷ್ಟು ಬೇಕು ಎಂದು ಕೇಳುವುದು ಅಗತ್ಯ.

ಮೂರನೆಯ ವಾರದಿಂದ ನುಣ್ಣಗೆ ರುಬ್ಬಿದ ಆಹಾರ ಶುರುವಾಯಿತು. ಇಲ್ಲಿ ಪ್ರೋಟೀನಿನ ಲೆಕ್ಕ ನನ್ನನ್ನು ಬಹಳ ಕಾಡಿತು. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು, ಇಲ್ಲವಾದರೆ ದೇಹ ಕೊಬ್ಬಿನ ಜೊತೆಗೆ ಸ್ನಾಯುವನ್ನೂ ಕರಗಿಸುತ್ತದೆ. ಹಿಟ್ಟು ತಿಂದವನಿಗೆ ಬೆಟ್ಟವನ್ನೇ ಕಿತ್ತಿಡುವಷ್ಟು ಬಲ ಬರುತ್ತದೆ ಎಂಬ ಮಾತನ್ನು ನಂಬಿ ಬೆಳೆದವಳು ನಾನು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ಇರುವುದು ಸುಮಾರು 7 ಗ್ರಾಂ ಮಾತ್ರ ಎಂದು ಡಯಟೀಷಿಯನ್ ಹೇಳಿದಾಗ ಒಪ್ಪಲು ಮನಸ್ಸಾಗಲಿಲ್ಲ. ರಾಗಿಯ ಹಿರಿಮೆ ಕ್ಯಾಲ್ಸಿಯಂನಲ್ಲಿದೆ, ಅಷ್ಟೇ ಹಿಟ್ಟಿನಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚಿರುತ್ತದೆ. ಆದರೆ ಒಂದು ಹೊತ್ತಿಗೆ ನಾಲ್ಕು ಚಮಚ ಮಾತ್ರ ಹಿಡಿಯುವ ಜಠರದಲ್ಲಿ ಮೊದಲ ಜಾಗ ಮೊಟ್ಟೆಗೆ, ಮೀನಿಗೆ, ಬೇಳೆಗೆ, ಮೊಸರಿಗೆ ಸಿಗಬೇಕು. ಮೊಟ್ಟೆಯೊಂದಕ್ಕೆ 6 ಗ್ರಾಂ, ಒಂದು ಲೋಟ ಹಾಲಿಗೆ ಹೆಚ್ಚೂಕಡಿಮೆ ಅಷ್ಟೇ. ಉಳಿದದ್ದನ್ನು ತುಂಬಲು ವೇ ಪ್ರೋಟೀನ್ ಪುಡಿ ಅನಿವಾರ್ಯವಾಯಿತು. ಬಿಸಿ ಅಂಬಲಿಗೆ ಹಾಕಿದರೆ ಅದು ಗಂಟುಗಂಟಾಗುತ್ತದೆ. ಅಂಬಲಿಯನ್ನು ಉಗುರುಬೆಚ್ಚಗೆ ಆರಿಸಿ, ರುಚಿ ಬೆರೆಸದ ಪುಡಿಯನ್ನು ಹಾಕಿ, ಮಜ್ಜಿಗೆ ಮತ್ತು ಚಿಟಿಕೆ ಜೀರಿಗೆ ಪುಡಿಯೊಂದಿಗೆ ಕಡೆದುಕೊಳ್ಳುವ ಹದ ಸಿಕ್ಕಿದ ಮೇಲೆ ವಾಕರಿಕೆ ನಿಂತಿತು.

ಆರನೆಯ ವಾರದಲ್ಲಿ ನಾನು ತಪ್ಪು ಮಾಡಿದೆ. ಮೆತ್ತನೆಯ ಆಹಾರ ತಿನ್ನಬಹುದು ಎಂದಿದ್ದರು. ಮನೆಯಲ್ಲಿ ಅಂದು ಸೊಪ್ಪಿನ ಸಾರು, ಮುದ್ದೆ. ಮುದ್ದೆಗಿಂತ ಮೆತ್ತಗಿನದು ಯಾವುದಿದೆ ಎಂದುಕೊಂಡು ಗೋಲಿಯಷ್ಟು ಚೂರನ್ನು ಸಾರಿನಲ್ಲಿ ಹೊರಳಿಸಿ, ನಲವತ್ತು ವರ್ಷದ ಅಭ್ಯಾಸದಂತೆ ನುಂಗಿಬಿಟ್ಟೆ. ಎರಡನೆಯ ಚೂರು ಇಳಿಯುವಷ್ಟರಲ್ಲಿ ಎದೆಯ ನಡುವೆ ಕಲ್ಲು ಸಿಕ್ಕಿಕೊಂಡಂತಾಗಿ, ಬಾಯಿತುಂಬ ಅಂಟಂಟಾದ ಜೊಲ್ಲು ನೊರೆನೊರೆಯಾಗಿ ಬರತೊಡಗಿತು. ಕೂರಲೂ ಆಗದು, ಮಲಗಲೂ ಆಗದು. ನೀರು ಕುಡಿದು ಇಳಿಸೋಣವೆಂದರೆ ಆ ನೀರಿಗೂ ಒಳಗೆ ಜಾಗವಿಲ್ಲ. ನಲವತ್ತು ನಿಮಿಷ ಅಂಗಳದಲ್ಲಿ ಓಡಾಡಿದ ಮೇಲೆ ಅದು ವಾಂತಿಯಾಗಿ ಹೊರಬಂತು. ಮುದ್ದೆ, ಬಿಸಿ ಅನ್ನ, ಬ್ರೆಡ್ಡಿನಂತಹ ಅಂಟುವ ಪದಾರ್ಥಗಳು ಕೈಗೆ ಮೆತ್ತಗಿದ್ದರೂ ಕಿರಿದಾದ ಕೊಳವೆಯಲ್ಲಿ ಒಂದೇ ಗಡ್ಡೆಯಾಗಿ ನಿಲ್ಲುತ್ತವೆ ಎಂದು ಆಸ್ಪತ್ರೆಯವರು ಮರುದಿನ ಫೋನಿನಲ್ಲಿ ವಿವರಿಸಿದರು. ವಾಂತಿ ದಿನಗಟ್ಟಲೆ ಮುಂದುವರಿದರೆ ಬಿ1 ಜೀವಸತ್ವ ಕುಸಿದು ನರಗಳಿಗೂ ಮಿದುಳಿಗೂ ಹಾನಿಯಾಗಬಹುದು, ಸಂಕೋಚಪಟ್ಟು ಮುಚ್ಚಿಡಬೇಡಿ ಎಂದು ಎಚ್ಚರಿಸಿದ್ದೂ ಆಗಲೇ.

ಅಂದಿನಿಂದ ಊಟದ ಕ್ರಮವನ್ನೇ ಬದಲಿಸಿದೆ. ಅಗಲವಾದ ತಟ್ಟೆಯ ಬದಲು ಕುಂಕುಮದ ಬಟ್ಟಲಿಗಿಂತ ತುಸು ದೊಡ್ಡದಾದ ಸ್ಟೀಲ್ ಬಟ್ಟಲು, ಕೈಯ ಬದಲು ಟೀ ಚಮಚ. ಒಂದು ತುತ್ತು ಬಾಯಿಗಿಟ್ಟ ಕೂಡಲೇ ಚಮಚವನ್ನು ಕೆಳಗಿಡುತ್ತಿದ್ದೆ, ಇಪ್ಪತ್ತೈದು ಎಣಿಸಿ ನುಂಗಿದ ಮೇಲೆಯೇ ಅದನ್ನು ಮತ್ತೆ ಎತ್ತುತ್ತಿದ್ದೆ. ಊಟಕ್ಕೆ ಅರ್ಧ ಗಂಟೆ ಮೊದಲು ನೀರು ನಿಲ್ಲಿಸಿ, ಮುಗಿದ ಅರ್ಧ ಗಂಟೆಯ ನಂತರ ಮತ್ತೆ ಶುರು ಮಾಡುವುದನ್ನು ಈಗಲೂ ಬಿಟ್ಟಿಲ್ಲ. ಹೊಟ್ಟೆ ತುಂಬಿದ್ದು ಮೊದಲಿನಂತೆ ಹೊಟ್ಟೆಯಲ್ಲಿ ಗೊತ್ತಾಗುವುದಿಲ್ಲ. ನನಗೆ ಮೂಗು ಸೋರಲು ಶುರುವಾಗುತ್ತದೆ, ಅಥವಾ ಒಂದು ಬಿಕ್ಕಳಿಕೆ ಬರುತ್ತದೆ. ಅದಾದ ಮೇಲೆ ಇನ್ನೊಂದು ಚಮಚ ತಿಂದರೂ ಎದೆ ಹಿಡಿದುಕೊಳ್ಳುತ್ತದೆ. ಆ ಸೂಚನೆಯನ್ನು ಗುರುತಿಸಲು ಮೂರು ತಿಂಗಳು ಬೇಕಾಯಿತು. ಇಡ್ಲಿ ಸಾರಿನಲ್ಲಿ ನೆನೆದರೆ ಒಪ್ಪುತ್ತಿತ್ತು, ಮೀನು ಸುಲಭವಾಗಿತ್ತು, ಕೋಳಿಯ ಎದೆಭಾಗ ನಾರುನಾರಾಗಿ ತಡೆಯುತ್ತಿತ್ತು, ಮಟನ್ ತಿನ್ನಬೇಕೆನಿಸಿದಾಗ ಕೈಮಾ ಉಂಡೆಯ ಸಾರು ಮಾಡಿಕೊಳ್ಳುತ್ತಿದ್ದೆ.

ಯುಗಾದಿ ಬರುವಾಗ ಒಂಬತ್ತು ವಾರ ತುಂಬಿತ್ತು. ಅರ್ಧ ಹೋಳಿಗೆ, ಅದರ ಮೇಲೆ ತುಪ್ಪ. ಚೆನ್ನಾಗಿ ಅಗಿದೇ ತಿಂದಿದ್ದೆ, ಸಿಕ್ಕಿಕೊಳ್ಳಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಎದೆ ಡವಡವ ಹೊಡೆದುಕೊಂಡು, ಮೈಯೆಲ್ಲ ಬೆವತು, ಹೊಟ್ಟೆ ಮುರಿದು, ಹಬ್ಬದ ಮಧ್ಯಾಹ್ನವೆಲ್ಲ ಹಾಸಿಗೆಯಲ್ಲಿ ಕಳೆಯಿತು. ಬೆಲ್ಲ ಸಕ್ಕರೆಗಳು ಜಠರದಲ್ಲಿ ನಿಲ್ಲದೆ ಸಣ್ಣ ಕರುಳಿಗೆ ಒಮ್ಮೆಲೇ ಸುರಿದಾಗ ಹೀಗಾಗುತ್ತದೆ, ಡಂಪಿಂಗ್ ಎನ್ನುತ್ತಾರೆ. ಬೈಪಾಸ್ ಆದವರಲ್ಲಿ ಹೆಚ್ಚು, ಆದರೆ ಸ್ಲೀವ್ ಆದವರಿಗೂ ತಪ್ಪಿದ್ದಲ್ಲ. ಈಗ ಯುಗಾದಿಗೆ ಬೇವು ಬೆಲ್ಲವನ್ನು ಚಿಟಿಕೆಯಷ್ಟು ನಾಲಿಗೆಗಿಟ್ಟುಕೊಳ್ಳುತ್ತೇನೆ. ಹೋಳಿಗೆಯ ಬದಲು ಕಟ್ಟಿನ ಸಾರು ಸಾಕು, ಅದರ ಪರಿಮಳದಲ್ಲೇ ಹಬ್ಬವಿದೆ.

ಮನೆಯವರ ಮನಸ್ಸನ್ನು ಒಪ್ಪಿಸುವುದು ಇನ್ನೊಂದು ಕೆಲಸವಾಗಿತ್ತು. "ಇಷ್ಟೇ ಉಂಡ್ರೆ ಹೆಂಗವ್ವಾ ಜೀವ ನಿಲ್ಲೋದು?" ಎಂದು ಅತ್ತೆ ದಿನವೂ ಕೇಳುತ್ತಿದ್ದರು. ಅವರ ಕಣ್ಣಲ್ಲಿ ಪ್ರೀತಿಯನ್ನು ಅಳೆಯುವುದೇ ಬಡಿಸುವ ಸೌಟಿನಲ್ಲಿ. ನಾನು ಅವರನ್ನು ಒಮ್ಮೆ ತಪಾಸಣೆಗೆ ಜೊತೆಯಲ್ಲಿ ಕರೆದುಕೊಂಡು ಹೋದೆ. ಡಯಟೀಷಿಯನ್ ಒಂದು ಬಟ್ಟಲನ್ನು ತೋರಿಸಿ, "ಅಮ್ಮಾ, ಇವರ ಹೊಟ್ಟೆ ಈಗ ಇಷ್ಟೇ" ಎಂದ ಮೇಲೆ, ಮರುದಿನದಿಂದ ನನ್ನ ಮೊಟ್ಟೆ ಬೇಯಿಸಿ ಮೊದಲು ನನ್ನ ಮುಂದಿಡತೊಡಗಿದವರು ಅವರೇ. ಬೀಗರೂಟ ಇದಕ್ಕಿಂತ ಕಷ್ಟ. ಪಂಕ್ತಿಯಲ್ಲಿ ಕುಳಿತವರ ಎಲೆ ಖಾಲಿ ಇರುವುದನ್ನು ಬಡಿಸುವವರು ಸಹಿಸುವುದಿಲ್ಲ, ಬಡಿಸಿದ್ದನ್ನು ಬಿಟ್ಟೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಮನೆಯಲ್ಲೇ ಎರಡು ಮೊಟ್ಟೆ ತಿಂದು ಹೊರಟು, ಅಲ್ಲಿ ನಮ್ಮ ಯಜಮಾನರ ಪಕ್ಕ ಕುಳಿತು ಅವರ ಎಲೆಯಿಂದಲೇ ಎರಡು ಚೂರು ತೆಗೆದುಕೊಳ್ಳುವುದು ನಾವು ಕಂಡುಕೊಂಡ ದಾರಿ. ಆಪರೇಷನ್ ಆಗಿದೆ ಎಂದು ಯಾರು ಕೇಳಿದರೂ ಹೇಳುತ್ತೇನೆ. ಮುಚ್ಚಿಟ್ಟ ಮೊದಲ ಕೆಲವು ತಿಂಗಳು, ಅಡುಗೆ ಹಿಡಿಸಲಿಲ್ಲವೇನೋ ಎಂದು ನೆಂಟರು ನೊಂದುಕೊಂಡದ್ದೇ ಹೆಚ್ಚು.

ನಾಲ್ಕನೆಯ ತಿಂಗಳಲ್ಲಿ ಕೂದಲು ಹಿಡಿಹಿಡಿಯಾಗಿ ಬಾಚಣಿಗೆಗೆ ಬಂತು. ತೂಕ ವೇಗವಾಗಿ ಇಳಿದಾಗ ಅದು ಸಹಜ, ಮತ್ತೆ ಬೆಳೆಯುತ್ತದೆ ಎಂದರು. ವರ್ಷ ತುಂಬುವಷ್ಟರಲ್ಲಿ ಬೆಳೆಯಿತು. ಆದರೆ ವರ್ಷದ ರಕ್ತಪರೀಕ್ಷೆಯಲ್ಲಿ, ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ತೀರಾ ಕಡಿಮೆ ಬಂತು. ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ವಿಚಾರಿಸಿದಾಗ ತಪ್ಪು ತಿಳಿಯಿತು: ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಮರೆಯಬಾರದೆಂದು ಒಟ್ಟಿಗೇ, ಅದೂ ಬೆಳಗಿನ ಕಾಫಿಯ ಬೆನ್ನಿಗೇ ತೆಗೆದುಕೊಳ್ಳುತ್ತಿದ್ದೆ. ಕ್ಯಾಲ್ಸಿಯಂ ಮತ್ತು ಕಾಫಿ ಎರಡೂ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ. ಈಗ ಕಬ್ಬಿಣವನ್ನು ರಾತ್ರಿ ಮಲಗುವ ಮುನ್ನ, ನಿಂಬೆರಸದ ನೀರಿನೊಂದಿಗೆ, ಕ್ಯಾಲ್ಸಿಯಂ ಸಿಟ್ರೇಟನ್ನು ಹಗಲು ಎರಡು ಕಂತಿನಲ್ಲಿ ತೆಗೆದುಕೊಳ್ಳುತ್ತೇನೆ. ಬಿ12, ಡಿ ಜೀವಸತ್ವ ಇವೆಲ್ಲ ಜೀವಮಾನದುದ್ದಕ್ಕೂ ಇರುವಂಥವು.

ಹಸಿವಿನ ಹಾರ್ಮೋನಾದ ಗ್ರೆಲಿನ್ ಹೆಚ್ಚಾಗಿ ಉತ್ಪತ್ತಿಯಾಗುವುದು ಜಠರದ ಆ ತೆಗೆದುಹಾಕಿದ ಮೇಲ್ಭಾಗದಲ್ಲಿ. ಹಾಗಾಗಿ ಮೊದಲ ಎಂಟು ಹತ್ತು ತಿಂಗಳು ನನಗೆ ಹಸಿವೆಯೇ ಇರಲಿಲ್ಲ, ಗಡಿಯಾರ ನೋಡಿ ಉಣ್ಣುತ್ತಿದ್ದೆ. ಅದು ಮರಳಿದಾಗ ಹೆದರಿದೆ, ಹೆದರಿಕೆಗೆ ಕಾರಣವೂ ಇತ್ತು. ಕೋಳಿಯ ಚೂರು ತಡೆಯುವ ಅದೇ ಜಠರದಲ್ಲಿ ನಿಪ್ಪಟ್ಟು, ಕೋಡುಬಳೆ, ಮಿಕ್ಸ್ಚರ್ ಪುಡಿಪುಡಿಯಾಗಿ ಸರಾಗ ಜಾರಿಹೋಗುತ್ತವೆ, ಹೊಟ್ಟೆ ತುಂಬಿತೆಂಬ ಸೂಚನೆ ಬರುವುದೇ ಇಲ್ಲ. ಸ್ಟಾಫ್ ರೂಮಿನಲ್ಲಿ ಸಂಜೆಯ ಟೀ ಹೊತ್ತಿಗೆ ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತಾ, 71ಕ್ಕೆ ಇಳಿದಿದ್ದ ತೂಕ ಎರಡನೆಯ ವರ್ಷದಲ್ಲಿ 74ಕ್ಕೆ ಬಂತು. ಈಗ ಡಬ್ಬಿಯಲ್ಲಿ ಹುರಿಗಡಲೆ ಇಟ್ಟುಕೊಂಡು ಹೋಗುತ್ತೇನೆ, ತೂಕ ಅಲ್ಲಿಗೇ ನಿಂತಿದೆ.

ಮುದ್ದೆಯನ್ನು ಮತ್ತೆ ಮುಟ್ಟಿದ್ದು ಹದಿನಾಲ್ಕು ತಿಂಗಳ ನಂತರ. ಅತ್ತೆ ಎಂದಿಗಿಂತ ನೀರು ಹೆಚ್ಚು ಹಾಕಿ ಸಡಿಲವಾಗಿ ತೊಳಸಿದ್ದನ್ನು, ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿಕೊಟ್ಟರು. ಮೊದಲು ಹುರುಳಿಕಾಳಿನ ಸಾರಿನ ಕಾಳುಗಳನ್ನೆಲ್ಲ ತಿಂದು, ನಂತರ ಅವರೆಕಾಳಿನಷ್ಟು ಚೂರನ್ನು ಹಲ್ಲಿನ ನಡುವೆ ಇಟ್ಟು ಅಗಿದೆ. ಹಲ್ಲಿಗೆ ಅಂಟಿತು, ತುಸು ಮರಳುಮರಳೆನಿಸಿತು. ಹದಿನೈದು ಎಣಿಸುವಷ್ಟರಲ್ಲಿ ಸಾರಿನ ಖಾರವೆಲ್ಲ ಕರಗಿ, ಹುರಿದ ಧಾನ್ಯದ ಕಂಪಿನೊಂದಿಗೆ ಸಣ್ಣ ಸಿಹಿಯೊಂದು ನಾಲಿಗೆಯ ಅಂಚಿಗೆ ಬಂತು. ಹುಟ್ಟಿದಾಗಿನಿಂದ ತಿಂದಿದ್ದರೂ ರಾಗಿಗೆ ಆ ರುಚಿಯಿದೆಯೆಂದು ನನಗೆ ಗೊತ್ತಿರಲಿಲ್ಲ, ನಾನು ಅದುವರೆಗೆ ಉಂಡದ್ದು ಸಾರಿನ ರುಚಿಯನ್ನು. ವಾರಕ್ಕೆ ಎರಡು ದಿನ, ಅದೇ ನಿಂಬೆಹಣ್ಣಿನ ಗಾತ್ರದ್ದನ್ನು ಈಗಲೂ ಉಣ್ಣುತ್ತೇನೆ. ಮುಗಿಸಲು ಇಪ್ಪತ್ತೈದು ನಿಮಿಷ ಬೇಕು. ಅಷ್ಟು ಹೊತ್ತೂ ಅತ್ತೆ ತಮ್ಮ ಊಟ ಮುಗಿದ ಮೇಲೂ ಎದ್ದು ಹೋಗದೆ ಪಕ್ಕದಲ್ಲಿ ಕುಳಿತಿರುತ್ತಾರೆ.