ಎರಡು ವರ್ಷಕ್ಕೊಮ್ಮೆ ವಿಮಾನ ಹತ್ತುವವರೂ ಪಾಯಿಂಟ್ ಉಳಿಸಿಕೊಳ್ಳುವ ಬಗೆ

ಕಲಬುರಗಿ, ಬೀದರ್ ಕಡೆಯಿಂದ ಕೊಲ್ಲಿ ದೇಶಗಳಲ್ಲಿ ದುಡಿಯುವ ಮಕ್ಕಳನ್ನು ನೋಡಲು ಹೋಗುವ ತಂದೆತಾಯಿಗಳು ಸಾಮಾನ್ಯವಾಗಿ ಹೈದರಾಬಾದಿನ ಶಂಷಾಬಾದ್ ನಿಲ್ದಾಣದಿಂದ ಹೊರಡುತ್ತಾರೆ. ಹಾರಿದಾಗಲೆಲ್ಲ ಖಾತೆಗೆ ಪಾಯಿಂಟ್ ಜಮೆಯಾಗಿ, ಸಾಕಷ್ಟು ಕೂಡಿದ ಮೇಲೆ ಅವುಗಳಿಂದಲೇ ಟಿಕೆಟ್ ಪಡೆಯಬಹುದಾದ ವಿಮಾನ ಕಂಪನಿಗಳ ಪಾಯಿಂಟ್ ಯೋಜನೆಗೆ, ಅಪರೂಪಕ್ಕೆ ಪ್ರಯಾಣಿಸುವ ಇಂಥವರಲ್ಲಿ ಅನೇಕರು ಸೇರುವುದೇ ಇಲ್ಲ. ಸೇರಲು ಹಣ ಕೊಡಬೇಕಾಗಿಲ್ಲ. ಸೇರದೆ ಹಾರಿದರೆ ಬರಬೇಕಾದದ್ದು ಬಾರದೆ ಹೋಗುತ್ತದೆ.

ಮೊದಲು ಗಮನಿಸಬೇಕಾದದ್ದು ಹೆಸರು. ನಮ್ಮ ಭಾಗದಲ್ಲಿ ಆಧಾರ್‌ನಲ್ಲಿ ಮನೆತನದ ಹೆಸರು ಕೊನೆಗೆ, ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರು ನಡುವೆ, ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇರುವುದು ಸಾಮಾನ್ಯ. ನಮ್ಮ ತಾಯಿಯವರ ಸದಸ್ಯತ್ವವನ್ನು ನಾನು ಆಧಾರ್ ನೋಡಿ ಮಾಡಿಸಿದ್ದೆ, ಟಿಕೆಟ್ ಪಾಸ್‌ಪೋರ್ಟ್‌ನ ಹೆಸರಿನಲ್ಲಿತ್ತು. ಹೋಗಿ ಬಂದ ಎರಡೂ ಪ್ರಯಾಣಗಳ ಪಾಯಿಂಟ್ ಜಮೆಯಾಗಲಿಲ್ಲ, ಕೇಳೋಣವೆಂದರೆ ಬೋರ್ಡಿಂಗ್ ಪಾಸ್‌ಗಳನ್ನು ಆಗಲೇ ಎಸೆದಿದ್ದೆವು. ಆದ್ದರಿಂದ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಅಕ್ಷರ ಬಿಡದೆ ನೋಂದಾಯಿಸಿ, ಟಿಕೆಟ್ ಕಾಯ್ದಿರಿಸುವಾಗಲೇ ಸದಸ್ಯತ್ವದ ಸಂಖ್ಯೆ ಕೊಟ್ಟು, ಪಾಯಿಂಟ್ ಜಮೆಯಾಗುವವರೆಗೆ ಬೋರ್ಡಿಂಗ್ ಪಾಸ್ ಜೋಪಾನವಾಗಿಡಬೇಕು.

ಹಾರಿದ ಪ್ರತಿ ಕಂಪನಿಯಲ್ಲೂ ಖಾತೆ ತೆರೆದರೆ ಪಾಯಿಂಟ್‌ಗಳು ಚೂರುಚೂರಾಗಿ ಎಲ್ಲಿಯೂ ಉಪಯೋಗಕ್ಕೆ ಬಾರವು. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್ ಎಂಬ ವಿಮಾನ ಕಂಪನಿಗಳ ಕೂಟದಲ್ಲಿರುವುದರಿಂದ, ಅದೇ ಕೂಟದ ಲುಫ್ತಾನ್ಸಾದಲ್ಲಿ ಜರ್ಮನಿಗೆ ಹೋದವರು ಆ ಪಾಯಿಂಟ್‌ಗಳನ್ನು ಏರ್ ಇಂಡಿಯಾದ ಪಾಯಿಂಟ್ ಯೋಜನೆಯಾದ ಮಹಾರಾಜ ಕ್ಲಬ್ ಖಾತೆಗೇ ಜಮೆ ಮಾಡಿಸಿಕೊಳ್ಳಬಹುದು. ತೀರ ಅಗ್ಗದ ದರದ ಟಿಕೆಟ್‌ಗಳಿಗೆ ಪಾಯಿಂಟ್ ಕಡಿಮೆ ಸಿಗುವುದೂ, ಕೆಲವಕ್ಕೆ ಸಿಗದಿರುವುದೂ ಉಂಟು. ಹಾಗೆಂದು ಪಾಯಿಂಟ್‌ನ ಆಸೆಗೆ ಹೆಚ್ಚಿನ ದರ ತೆರುವುದು ನಮ್ಮಂಥವರಿಗೆ ಖಂಡಿತ ನಷ್ಟ.

ಅಪರೂಪದ ಪ್ರಯಾಣಿಕರ ಪಾಯಿಂಟ್ ಹೆಚ್ಚಾಗಿ ಕಳೆದುಹೋಗುವುದು ಮುದ್ದತು ಮುಗಿದು. ಈ ವಿಷಯದಲ್ಲಿ ಒಂದೊಂದು ಕಂಪನಿಯದು ಒಂದೊಂದು ನಿಯಮ. ಎಮಿರೇಟ್ಸ್‌ನ ಸ್ಕೈವರ್ಡ್ಸ್ ಯೋಜನೆಯಲ್ಲಿ ಮೈಲುಗಳೆಂದು ಕರೆಯುವ ಪಾಯಿಂಟ್‌ಗಳು ಗಳಿಸಿದ ಮೂರನೆಯ ವರ್ಷದಲ್ಲಿ, ಸದಸ್ಯರು ಹುಟ್ಟಿದ ತಿಂಗಳ ಕೊನೆಗೆ ಅಳಿಸಿಹೋಗುತ್ತವೆ. ಕತಾರ್ ಏರ್‌ವೇಸ್‌ನ ಏವಿಯೋಸ್ ಎಂಬ ಪಾಯಿಂಟ್‌ಗಳು ಹಾಗಲ್ಲ; 36 ತಿಂಗಳು ಖಾತೆಯಲ್ಲಿ ಯಾವ ಚಟುವಟಿಕೆಯೂ ನಡೆಯದಿದ್ದರೆ ಮಾತ್ರ ಅವು ಹೋಗುತ್ತವೆ, ನಡುವೆ ಒಂದಿಷ್ಟು ಗಳಿಸಿದರೂ ಬಳಸಿದರೂ ಎಣಿಕೆ ಹೊಸದಾಗಿ ಆರಂಭವಾಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಹೋಗುವವರಿಗೆ ಎರಡನೆಯ ಬಗೆಯೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಆದರೆ ಮನೆಮಂದಿಯೆಲ್ಲ ದುಬೈಗೇ ಹೋಗಿ ಬರುವುದಾದರೆ ಸ್ಕೈವರ್ಡ್ಸ್‌ನಲ್ಲಿ ಎಂಟು ಜನರವರೆಗೆ ಕುಟುಂಬದ ಮೈಲುಗಳನ್ನು ಒಂದೇ ಕಡೆ ಕೂಡಿಸುವ ಅನುಕೂಲವಿದೆ. ಒಬ್ಬೊಬ್ಬರ ಬಳಿ ಸಾಲದಷ್ಟಿದ್ದರೂ ಕೂಡಿಸಿದಾಗ ಒಂದು ಟಿಕೆಟ್ ಆಗಬಹುದು.

ಖರ್ಚು ಮಾಡುವ ಮುನ್ನ ಒಂದು ಪಾಯಿಂಟ್‌ನ ಬೆಲೆ ಲೆಕ್ಕ ಹಾಕಬೇಕು. ಒಂದು ಟಿಕೆಟ್‌ಗೆ ನಗದಾದರೆ 6,000 ರೂಪಾಯಿ, ಪಾಯಿಂಟ್‌ನಲ್ಲಾದರೆ 8,000 ಪಾಯಿಂಟ್ ಜೊತೆಗೆ ತೆರಿಗೆ 1,200 ರೂಪಾಯಿ ಎಂದಿಟ್ಟುಕೊಳ್ಳಿ. ಉಳಿಯುವ 4,800 ರೂಪಾಯಿಯನ್ನು 8,000ದಿಂದ ಭಾಗಿಸಿದರೆ ಪಾಯಿಂಟಿಗೆ 60 ಪೈಸೆ ಬರುತ್ತದೆ. ಅದೇ ಪಾಯಿಂಟ್‌ಗಳಿಗೆ 1,600 ರೂಪಾಯಿಯ ಮಿಕ್ಸರ್ ಕೊಡುತ್ತೇವೆಂದರೆ ಸಿಕ್ಕಿದ್ದು 20 ಪೈಸೆ ಮಾತ್ರ. ರಂಜಾನ್, ದೀಪಾವಳಿ, ಬೇಸಿಗೆ ರಜೆಯಲ್ಲಿ ನಗದು ದರ ಏರಿದಾಗ ಪಾಯಿಂಟ್‌ಗೆ ಹೆಚ್ಚು ಬೆಲೆ ಸಿಗಬಹುದಾದರೂ ಆಗ ಪಾಯಿಂಟ್ ಸೀಟುಗಳು ಬೇಗ ಮುಗಿಯುವುದರಿಂದ ತಿಂಗಳುಗಟ್ಟಲೆ ಮೊದಲೇ ಹುಡುಕಬೇಕು. ತೊಗರಿ ರಾಶಿ ಮುಗಿದ ಮೇಲೆ ಬಿಡುವಾಗುವ ಮನೆಗಳಿಗೆ ಫೆಬ್ರುವರಿಯ ಪ್ರಯಾಣದಲ್ಲಿ ಸೀಟು ಸುಲಭವಾಗಿ ಸಿಗುವ ಸಾಧ್ಯತೆ ಹೆಚ್ಚು.

ಕ್ರೆಡಿಟ್ ಕಾರ್ಡ್‌ನಿಂದ ಪಾಯಿಂಟ್ ಗಳಿಸುವವರು ಪ್ರತಿ ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟುವಂತಿದ್ದರೆ ಮಾತ್ರ ಆ ದಾರಿ ಹಿಡಿಯಬೇಕು. ಬಾಕಿ ಉಳಿದರೆ ತಿಂಗಳಿಗೆ ಶೇ 3ಕ್ಕೂ ಮೀರುವ ಬಡ್ಡಿ ಎಲ್ಲ ಲಾಭವನ್ನೂ ನುಂಗುತ್ತದೆ.

ಲೆಕ್ಕದಲ್ಲಿ ರಸ್ತೆಯ ಖರ್ಚನ್ನೂ ಸೇರಿಸಿರಿ. ಶಂಷಾಬಾದಿನಿಂದ ಬೆಂಗಳೂರಿಗೆ ಪಾಯಿಂಟ್ ಟಿಕೆಟ್ ಸಿಕ್ಕಿತೆಂದು ಕಲಬುರಗಿಯಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಟ್ಯಾಕ್ಸಿಯಲ್ಲಿ ಹೋಗುವುದಕ್ಕಿಂತ ರಾತ್ರಿಯ ರೈಲು ಹಿಡಿದು, ಆ ಪಾಯಿಂಟ್‌ಗಳನ್ನು ಮಗನ ಊರಿನ ಪ್ರಯಾಣಕ್ಕೆ ಉಳಿಸಿಕೊಳ್ಳುವುದು ಮೇಲು.