ಹೆಂಚಿನ ಮಾಡು ಬದಲಿಸಲು ಹಿಡಿದ ಸಮಯ: ನನ್ನ ಅನುಭವ

ತೀರ್ಥಹಳ್ಳಿ ಸಮೀಪದ ನಮ್ಮ ಹಳೆಯ ಮನೆಯ ಮಂಗಳೂರು ಹೆಂಚಿನ ಮಾಡನ್ನು ಮುಂಗಾರಿಗೆ ಮೊದಲೇ ಬದಲಿಸಬೇಕಾಗಿತ್ತು. ಹೆಂಚು ಇಳಿಸುವ ಕೆಲಸ ಬೇಗನೆ ಮುಗಿಯಿತಾದರೂ, ಗೆದ್ದಲು ತಿಂದ ಪಕಾಸುಗಳನ್ನು (ಹೆಂಚಿನ ಭಾರ ಹೊರುವ ಇಳಿಜಾರಿನ ಮರಗಳನ್ನು) ಕಿತ್ತು, ಹೊಸ ಮರಕ್ಕೆ ಗೆದ್ದಲು ನಿರೋಧಕ ಬಳಿದು ಒಣಗಿಸಿ, ದಾರ ಹಿಡಿದು ಕೂರಿಸುವುದಕ್ಕೇ ಬಹುಪಾಲು ದಿನಗಳು ಹಿಡಿದವು. ಹಸಿ ಮರ ಬಳಸಿದರೆ ಅದು ಒಣಗುವಾಗ ಬಾಗಿ ಹೆಂಚಿನ ಸಾಲು ಸಡಿಲವಾಗುತ್ತದೆಂದು ಬಡಗಿ ಎಚ್ಚರಿಸಿದ್ದರಿಂದ, ಮರವನ್ನು ಚಳಿಗಾಲದಲ್ಲೇ ಕೊಯ್ಯಿಸಿ ನೆರಳಿನಲ್ಲಿ ಅಟ್ಟಿ ಹಾಕಿಸಿದ್ದೆ. ಇಡೀ ಕೆಲಸವನ್ನು ಉಳಿಸಿದ್ದು ಇದೇ.

ಬೇರೆ ಬೇರೆ ಕಾರ್ಖಾನೆಗಳ ಹೆಂಚುಗಳ ಅಳತೆಯಲ್ಲಿ ತುಸು ವ್ಯತ್ಯಾಸವಿದ್ದು, ಒಂದರ ಅಂಚು ಇನ್ನೊಂದರ ಕಚ್ಚಿನಲ್ಲಿ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಹೆಂಚಿನ ಮೇಲಿನ ಮುದ್ರೆ ನೋಡಿ ಬೇರ್ಪಡಿಸಿ, ಹಳೆಯವನ್ನು ತೊಳೆದು ಹಿಂಬದಿಗೂ ಹೊಸವನ್ನು ಮುಂಬದಿಗೂ ಹೊದಿಸಿದೆವು. ಒಂದು ಬದಿ ಮುಗಿದ ಮೇಲೆಯೇ ಇನ್ನೊಂದನ್ನು ಬಿಚ್ಚಿದ್ದರಿಂದ ಮನೆ ಬಿಟ್ಟು ಹೋಗಬೇಕಾಗಲಿಲ್ಲ.